ಪುಸ್ತಕ ತೆರೆದಿಟ್ಟು ಪರೀಕ್ಷೆ ಬರೆದ ಹಳ್ಳಿ ಮಕ್ಕಳು

ವಿಜ್ಞಾನ ಪರೀಕ್ಷೆಗೆ ಪುಸ್ತಕ ಒಯ್ಯಬಹುದು, ನೋಡಿಕೊಂಡೇ ಉತ್ತರ ಬರೆಯಬಹುದು ಎಂದರೆ ನಂಬುತ್ತೀರಾ? ಮಧ್ಯಪ್ರದೇಶದ ಹಳ್ಳಿ ಶಾಲೆಗಳಲ್ಲಿ ಇದು ವರ್ಷಗಟ್ಟಲೆ ನಡೆದಿತ್ತು. ಆ ಪಾಠ ಹೇಗೆ ಶುರುವಾಯಿತು, ಯಾಕೆ ನಿಂತಿತು ಎನ್ನುವುದು ಹೈಸ್ಕೂಲು ಮಕ್ಕಳಿರುವ ಪ್ರತಿ ಮನೆಗೂ ಗೊತ್ತಿರಬೇಕಾದ ಸಂಗತಿ ಎಂದು ನಮಗನ್ನಿಸುತ್ತದೆ.

ನರ್ಮದಾ ನದಿ ದಡದ ಹೋಶಂಗಾಬಾದಿಗೆ ಈಗ ನರ್ಮದಾಪುರಂ ಎಂದು ಹೆಸರು. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸರ್ಕಾರದ ಒಪ್ಪಿಗೆ ಪಡೆದು ಆ ಜಿಲ್ಲೆಯ 16 ಶಾಲೆಗಳಲ್ಲಿ, 6ರಿಂದ 8ನೇ ತರಗತಿಯವರಿಗೆ ಹೊಸ ಬಗೆಯ ವಿಜ್ಞಾನ ಪಾಠ ಆರಂಭಿಸಿದವು. ಕಿಶೋರ್ ಭಾರತಿಯನ್ನು ಕಟ್ಟಿದ ಅನಿಲ್ ಸದ್ಗೋಪಾಲ್, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದ ವಿಜ್ಞಾನಿ. ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಕೈಜೋಡಿಸಿದರು.

ಮಕ್ಕಳು ಸಣ್ಣ ಗುಂಪುಗಳಲ್ಲಿ ಕೂರುತ್ತಿದ್ದರು. ಪ್ರಯೋಗದ ಸಾಮಾನು ಶಾಲೆಗೇ ಬರುತ್ತಿತ್ತು. ತಾವೇ ಮಾಡಿ, ಕಂಡದ್ದನ್ನು ಬರೆದು, ಆಮೇಲೆ ಚರ್ಚೆ. ‘ಬಾಲ ವೈಜ್ಞಾನಿಕ್’ ಎಂಬ ಅವರ ಪುಸ್ತಕದಲ್ಲಿ ಪ್ರಯೋಗ, ಪ್ರಶ್ನೆಗಳಿದ್ದವು. ಸಿದ್ಧ ಉತ್ತರ ಇರಲಿಲ್ಲ. ಹಾಗಾಗಿ ಪರೀಕ್ಷೆಗೆ ಪುಸ್ತಕ ಒಯ್ದರೂ ಯೋಚಿಸದೆ ಬರೆಯಲು ಆಗುತ್ತಿರಲಿಲ್ಲ. ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಮೇಷ್ಟ್ರುಗಳಿಗೆ ರಜೆಯಲ್ಲಿ ತರಬೇತಿ, ಆಮೇಲೆ ತಿಂಗಳ ಸಭೆ. ಮಕ್ಕಳು ‘ಸವಾಲೀರಾಮ್’ ಎಂಬ ಕಾಲ್ಪನಿಕ ವ್ಯಕ್ತಿಗೆ ಕಾಗದ ಬರೆದು ಏನು ಬೇಕಾದರೂ ಕೇಳಬಹುದಿತ್ತು.

1978ರಲ್ಲಿ ಅರವಿಂದ ಗುಪ್ತಾ ಎಂಬ ಯುವ ಎಂಜಿನಿಯರ್ ಕಾರ್ಖಾನೆ ಕೆಲಸಕ್ಕೆ ರಜೆ ಹಾಕಿ ಇಲ್ಲಿಗೆ ಬಂದರು. ಸೈಕಲ್ ವಾಲ್ವ್ ಟ್ಯೂಬಿನ ತುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಘನಾಕೃತಿ ಮಾಡುವ ಅವರ ಆಟ ಹುಟ್ಟಿದ್ದು ಹೀಗೆ. ಚೌಕವನ್ನು ಒತ್ತಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಸೇತುವೆಯಲ್ಲಿ ತ್ರಿಕೋನಗಳೇ ಯಾಕಿರುತ್ತವೆ ಎಂದು ಮಗುವಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.

1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಈ ಕೆಲಸ ವಹಿಸಿಕೊಂಡಿತು. ಮುಂದೆ ಪಾಠ ಸುಮಾರು 1,000 ಶಾಲೆಗಳಿಗೆ ಹಬ್ಬಿತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಹಲವು ವಿಜ್ಞಾನಿಗಳು ವಿರೋಧಿಸಿದರೂ ಕೇಳಲಿಲ್ಲ.

ಹೀಗೆ ಕಲಿತವರಿಗೆ ಹೈಸ್ಕೂಲು ಕಷ್ಟವಾಗುತ್ತದೆ ಎಂಬುದು ವಿರೋಧಿಗಳ ಒಂದು ದೂರಾಗಿತ್ತು. ಆದರೆ ಹೊಸ ಪಾಠ ಇದ್ದದ್ದೇ 8ನೇ ತರಗತಿವರೆಗೆ. 9ನೇ ತರಗತಿಯಲ್ಲಿ ಮತ್ತೆ ಅದೇ ಬಾಯಿಪಾಠ. ಮೂರು ವರ್ಷ ‘ಯಾಕೆ’ ಎಂದು ಕೇಳಿದ ಮಗುವಿಗೆ ಹೈಸ್ಕೂಲು ‘ಬರೆದುಕೋ’ ಎಂದರೆ ತಪ್ಪು ಮಗುವಿನದೇ? ಬದಲಾಗಬೇಕಿದ್ದದ್ದು ಹೈಸ್ಕೂಲಿನ ಪಾಠ, ಅದರ ಜೊತೆಗೆ ಪರೀಕ್ಷೆ ಎಂದು ನಾವು ನಂಬುತ್ತೇವೆ. ಪ್ರಶ್ನೆಪತ್ರಿಕೆ ಬಾಯಿಪಾಠವನ್ನೇ ಕೇಳುತ್ತಿದ್ದರೆ, ಎಷ್ಟು ಒಳ್ಳೆಯ ಲ್ಯಾಬ್ ಕೊಟ್ಟರೂ ಅದಕ್ಕೆ ಬೀಗವೇ ಗತಿ.

ಮುಂದಿನ ಸಲ ಎಸ್‌ಡಿಎಂಸಿ ಸಭೆಗೆ ಹೋದಾಗ ಫಲಿತಾಂಶ ಎಷ್ಟು ಬಂತೆಂದು ಕೇಳಿ. ಅದರ ಜೊತೆಗೆ, ಈ ವರ್ಷ ನಮ್ಮ ಮಕ್ಕಳು ತಮ್ಮ ಕೈಯಾರೆ ಎಷ್ಟು ಪ್ರಯೋಗ ಮಾಡಿದರು ಎಂದೂ ಕೇಳಿ.