ಅರವತ್ತಮೂರು ಪೆನ್ನಿಗಳ ದಂಡ

ಆಕ್ಸ್‌ಫರ್ಡ್ ಎಂದೊಡನೆ ನಮಗೆ ನೆನಪಾಗುವುದು ದಪ್ಪ ನಿಘಂಟು. ಆಮೇಲೆ, 1962-63ರಲ್ಲಿ ಅಲ್ಲಿನ ವಿದ್ಯಾರ್ಥಿಗಳ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿಗೆ ಅಧ್ಯಕ್ಷರಾಗಿದ್ದ ಗಿರೀಶ ಕಾರ್ನಾಡರು. ಆ ವಿಶ್ವವಿದ್ಯಾಲಯದ ಸುತ್ತ ಒಂದು ಊರೂ ಇತ್ತು, ಅಲ್ಲಿ ರೊಟ್ಟಿ ಸುಡುವವರು, ಮದ್ಯ ಮಾರುವವರು, ವಿದ್ಯಾರ್ಥಿಗಳಿಗೆ ಕೋಣೆ ಬಾಡಿಗೆಗೆ ಕೊಡುವವರು ಬಾಳಿದರು ಎಂಬುದು ನಮ್ಮ ಮನಸ್ಸಿಗೆ ಸುಲಭವಾಗಿ ಬರುವುದಿಲ್ಲ. ಧಾರವಾಡದಲ್ಲೋ ಪುಣೆಯಲ್ಲೋ ಕೋಣೆ ಹಿಡಿದು, ಖಾನಾವಳಿಯಲ್ಲಿ ಉಂಡು ಓದಿದ ನಮ್ಮವರಿಗಾದರೂ ಅದು ಹೊಳೆಯಬೇಕಿತ್ತು.

ಊರಿಗೂ ವಿಶ್ವವಿದ್ಯಾಲಯಕ್ಕೂ ಅಲ್ಲಿ ಆರಂಭದಿಂದಲೇ ಹೊಂದಿಕೆಯಿರಲಿಲ್ಲ. 1209ರಲ್ಲಿ ಒಬ್ಬ ಹೆಂಗಸಿನ ಸಾವಿಗೆ ಪ್ರತೀಕಾರವಾಗಿ ಊರವರು ಕೆಲವು ವಿದ್ಯಾರ್ಥಿಗಳನ್ನು ಗಲ್ಲಿಗೇರಿಸಿದರು. ಉಳಿದವರು ಊರು ಬಿಟ್ಟು ಚದುರಿದರು. ಅವರಲ್ಲಿ ಕೆಲವರು ಸೇರಿದ್ದು ಕೇಂಬ್ರಿಜ್‌ಗೆ. ಇನ್ನೊಂದು ಮಹಾ ವಿದ್ಯಾಪೀಠದ ಹುಟ್ಟಿನ ಹಿಂದೆ ಹೀಗೊಂದು ನೇಣಿನ ಕಥೆಯಿದೆ. 1214ರಲ್ಲಿ ಪೋಪರ ಪ್ರತಿನಿಧಿ ರಾಜಿ ಮಾಡಿಸಿದಾಗ ಭಾರವೆಲ್ಲ ಬಿದ್ದದ್ದು ಊರಿನ ಮೇಲೆ: ಹತ್ತು ವರ್ಷ ಅರ್ಧ ಬಾಡಿಗೆ, ವರ್ಷಕ್ಕೆ 52 ಶಿಲಿಂಗ್, ಸಂತ ನಿಕೋಲಸನ ಹಬ್ಬದಂದು ನೂರು ಬಡ ವಿದ್ಯಾರ್ಥಿಗಳಿಗೆ ಊಟ.

ಇದಕ್ಕಿಂತ ಘೋರವಾದದ್ದು ನಡೆದದ್ದು 1355ರ ಫೆಬ್ರವರಿ 10ರಂದು. ಅದು ಸಂತ ಸ್ಕೊಲಾಸ್ಟಿಕಾಳ ಹಬ್ಬ. ಹೆಸರಿನಲ್ಲೇ ವಿದ್ಯೆಯ ಸದ್ದು! ನಾಲ್ಕು ಬೀದಿಗಳು ಕೂಡುವ ಕಾರ್‌ಫ್ಯಾಕ್ಸ್ ಚೌಕದಲ್ಲಿ ಸ್ವಿಂಡಲ್‌ಸ್ಟಾಕ್ ಎಂಬ ಮದ್ಯದಂಗಡಿಯಿತ್ತು. ದ್ರಾಕ್ಷಾರಸ ಚೆನ್ನಾಗಿಲ್ಲವೆಂದು ಇಬ್ಬರು ವಿದ್ಯಾರ್ಥಿಗಳು ತಗಾದೆ ತೆಗೆದರು, ಅಂಗಡಿಯವನು ಎದುರು ಮಾತಾಡಿದ, ಪಾತ್ರೆ ಅವನ ತಲೆಗೆ ಹಾರಿತು. ಊರವರು ಸಂತ ಮಾರ್ಟಿನರ ಚರ್ಚಿನ ಗಂಟೆ ಬಾರಿಸಿ ಜನ ಕೂಡಿಸಿದರು. ವಿದ್ಯಾರ್ಥಿಗಳು ಸಂತ ಮೇರಿಯ ಚರ್ಚಿನ ಗಂಟೆ ಬಾರಿಸಿದರು. ಮರುದಿನ ಸುತ್ತಲ ಹಳ್ಳಿಗಳವರೂ ಊರವರ ಬೆಂಬಲಕ್ಕೆ ನುಗ್ಗಿಬಂದರು. ಗಲಭೆ ತಣ್ಣಗಾಗುವ ಹೊತ್ತಿಗೆ ವಿಶ್ವವಿದ್ಯಾಲಯದ ಕಡೆ 63 ಮಂದಿ, ಊರಿನ ಕಡೆ ಸುಮಾರು 30 ಮಂದಿ ಸತ್ತಿದ್ದರೆಂಬುದು ಪರಂಪರೆಯಿಂದ ಬಂದ ಲೆಕ್ಕ.

ದೊರೆ ಮೂರನೆಯ ಎಡ್ವರ್ಡ್ ವಿಶ್ವವಿದ್ಯಾಲಯದ ಪಕ್ಷ ವಹಿಸಿದ. ಊರಿನಲ್ಲಿ ಮಾರುವ ರೊಟ್ಟಿ ಮತ್ತು ಪಾನೀಯಗಳ ಮೇಲ್ವಿಚಾರಣೆ, ತೂಕ ಮತ್ತು ಅಳತೆಗಳ ತಪಾಸಣೆ ಎಲ್ಲವೂ ವಿದ್ವಾಂಸರ ಕೈಗೆ ಹೋದವು. ದ್ರಾಕ್ಷಾರಸ ಕೆಟ್ಟಿದೆಯೆಂದು ಜಗಳ ತೆಗೆದವರ ಕಡೆಗೇ ಪರೀಕ್ಷೆಯ ಅಧಿಕಾರವೂ ಸಿಕ್ಕಂತಾಯಿತು. ಜೊತೆಗೆ ಪ್ರಾಯಶ್ಚಿತ್ತ: ಪ್ರತಿವರ್ಷ ಅದೇ ದಿನ ಮೇಯರ್, ಇಬ್ಬರು ಬೇಲಿಫರು, ಅರವತ್ತು ಮಂದಿ ನಾಗರಿಕರು ಸಂತ ಮೇರಿಯ ಚರ್ಚಿಗೆ ಹೋಗಿ, ಸತ್ತ ವಿದ್ಯಾರ್ಥಿಗಳಿಗಾಗಿ ಪ್ರಾರ್ಥಿಸಿ, ತಲೆಗೊಂದು ಪೆನ್ನಿ ಒಪ್ಪಿಸಬೇಕು. ಒಟ್ಟು 63 ಪೆನ್ನಿ. ಊರಿನ ಆ ಮೂವತ್ತು ಹೆಣಗಳಿಗೆ ಯಾವ ಪ್ರಾರ್ಥನೆಯೂ ಗೊತ್ತಾಗಲಿಲ್ಲ, ಯಾವ ನಾಣ್ಯವೂ ಎಣಿಕೆಯಾಗಲಿಲ್ಲ. ನಮ್ಮನ್ನು ಕಾಡುವುದು ಈ ಲೆಕ್ಕ. ಹೊಡೆದಾಟದಲ್ಲಿ ಎರಡೂ ಕಡೆ ತಪ್ಪಿತ್ತು, ಹೆಚ್ಚು ಕೊಂದವರು ಊರವರೇ ಎಂಬುದೂ ನಿಜ. ಆದರೆ ತಂದೆ ಮಾಡಿದ್ದಕ್ಕೆ ಹದಿನೈದು ತಲೆಮಾರಿನ ಮಕ್ಕಳು ತಲೆ ಬಾಗಿಸುತ್ತ ಹೋಗಬೇಕೆಂದರೆ ಅದನ್ನು ನ್ಯಾಯವೆನ್ನಲು ನಾಲಿಗೆ ಹೊರಳದು.

ಇಂಗ್ಲೆಂಡಿನಲ್ಲಿ ಧರ್ಮಸುಧಾರಣೆಯಾಯಿತು, ಪೂಜೆಯ ರೀತಿ ಬದಲಾಯಿತು. ನಾಣ್ಯ ಸಲ್ಲಿಸುವ ಪದ್ಧತಿ ಮಾತ್ರ ಅಳಿಯಲಿಲ್ಲ. ಕೊನೆಗೆ 1825ರಲ್ಲಿ ಮೇಯರ್ ತಾನು ಬರುವುದಿಲ್ಲವೆಂದ. ಅಲ್ಲಿಗೆ 470 ವರ್ಷಗಳ ಆಚರಣೆ ನಿಂತಿತು. 1955ರ ಫೆಬ್ರವರಿ 10ರಂದು, ಸರಿಯಾಗಿ ಆರುನೂರು ವರ್ಷಗಳ ನಂತರ, ವಿಶ್ವವಿದ್ಯಾಲಯ ಮೇಯರರಿಗೆ ಗೌರವ ಪದವಿ ನೀಡಿತು; ಊರು ಕುಲಪತಿಗಳನ್ನು ತನ್ನ ಗೌರವ ನಾಗರಿಕರನ್ನಾಗಿ ಮಾಡಿಕೊಂಡಿತು.

ಆದರೂ ವಿಶ್ವವಿದ್ಯಾಲಯಕ್ಕೆ ತನ್ನದೇ ಪೊಲೀಸರಿದ್ದರು. ಜನ ಅವರನ್ನು ‘ಬುಲ್‌ಡಾಗ್’ ಎನ್ನುತ್ತಿದ್ದರು. ವಿಶ್ವವಿದ್ಯಾಲಯದ ಕಟ್ಟಡಗಳಿಂದ ನಾಲ್ಕು ಮೈಲಿಯೊಳಗೆ ಊರಿನ ಸಾಮಾನ್ಯನ ಮೇಲೂ ಅವರ ಅಧಿಕಾರ ನಡೆಯುತ್ತಿತ್ತು. ಆ ಪಡೆ ಮುಗಿದದ್ದು 2003ರಲ್ಲಿ. ಸಂತ ಮಾರ್ಟಿನರ ಚರ್ಚನ್ನು 1896ರಲ್ಲಿ ಕೆಡವಿದರು, ಗೋಪುರವೊಂದು ಕಾರ್‌ಫ್ಯಾಕ್ಸಿನಲ್ಲಿ ಉಳಿದಿದೆ. ಮದ್ಯದಂಗಡಿಯಿದ್ದ ಜಾಗದಲ್ಲಿ ಬ್ಯಾಂಕು ಬಂತು. ಗೋಡೆಯ ಮೇಲೆ ಅಂಗಡಿಯ ಹೆಸರಿನ ಒಂದು ಸಣ್ಣ ಫಲಕವಿದೆ.