ಕುಡುಗೋಲು ಉಳಿಸಿದ ಮಲ್ಲಿಗೆ

ನಮ್ಮ ಕಾನಹೊಸಹಳ್ಳಿ ಕಡೆ ಮನೆ ಮುಂದೆ ಮಲ್ಲಿಗೆ ಹಚ್ಚಿದವರಿಂದ ಒಂದೇ ಮಾತು ಕೇಳುತ್ತೇವೆ: "ಗಿಡ ದಟ್ಟಗೆ ಬೆಳೆದೈತಿ, ಹೂವೇ ಇಲ್ಲ." ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಹಸಿರು ಗಿಡಕ್ಕೆ ಕುಡುಗೋಲು ಹಾಕಲು ಮನಸ್ಸು ಬರಲಿಲ್ಲ. ಎರಡು ವರ್ಷ ಬರೀ ಎಲೆ ನೋಡಿದೆವು.

ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ, ಹೂವಿನ ಹಡಗಲಿಯಲ್ಲಿ.

ಹಡಗಲಿ ಹೂವು ತುಂಗಭದ್ರೆಯ ಮೇಲೆ ವಿಜಯನಗರಕ್ಕೆ ಹೋಗುತ್ತಿತ್ತು ಎಂದು ಜನ ಹೇಳುತ್ತಾ ಬಂದಿದ್ದಾರೆ. ನದಿ ಹಡಗಲಿ ಸೀಮೆ ದಾಟಿಯೇ ಹಂಪಿಗೆ ಹರಿಯುತ್ತದೆ. ರಾಜಧಾನಿಗೆ ಹೂವು ಎಷ್ಟು ಬೇಕಿತ್ತು ಎಂಬುದಕ್ಕೆ ಹೊರಗಿನವರ ಸಾಕ್ಷಿಯೂ ಇದೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಇಲ್ಲಿಯ ಜನರಿಗೆ ಊಟದಷ್ಟೇ ಗುಲಾಬಿಯೂ ಬೇಕು ಎಂಬರ್ಥದಲ್ಲಿ ಬರೆದಿದ್ದಾನೆ.

1565ರ ಯುದ್ಧದ ನಂತರ ಆ ರಾಜಧಾನಿ ಹಾಳಾಯಿತು. 1953ರಲ್ಲಿ ಹೊಸಪೇಟೆ ಬಳಿ ಅಣೆಕಟ್ಟು ಎದ್ದು ಆ ನದಿ ದಾರಿಯೂ ಮುಚ್ಚಿತು. ಮಲ್ಲಿಗೆ ಮಾತ್ರ ಉಳಿಯಿತು. ಹೇಗೆ?

ಹಡಗಲಿ ಮಲ್ಲಿಗೆಯನ್ನು ರೈತರು ಬೀಜದಿಂದ ಬೆಳೆಸುವುದಿಲ್ಲ, ಕಡ್ಡಿ ನೆಟ್ಟು ಬೆಳೆಸುತ್ತಾರೆ. ಅಂದರೆ ಇವತ್ತಿನ ಪ್ರತಿ ಗಿಡವೂ ಹಿಂದಿನ ಒಂದು ಗಿಡದ ತುಂಡೇ. ಕೈಯಿಂದ ಕೈಗೆ ಕಡ್ಡಿ ದಾಟದಿದ್ದರೆ ಈ ಹೂವು ನಮ್ಮ ತನಕ ಬರುತ್ತಿರಲಿಲ್ಲ. ಆ ಕೈಗಳ ಹೆಸರು ಯಾವ ಶಾಸನದಲ್ಲೂ ಸಿಗುವುದಿಲ್ಲ.

ಕಡ್ಡಿ ಸಿಗುವುದು ಗಿಡ ಸವರಿದಾಗ. ಈ ಜಾತಿಯ ಮಲ್ಲಿಗೆಯನ್ನು ಜನವರಿ ಕೊನೆಗೆ, ನೀರು ಕಡಿಮೆ ಮಾಡಿ, ನೆಲದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಸವರಬೇಕು. ಒಣಗಿದ, ರೋಗ ಬಿದ್ದ ಕೊಂಬೆ ಪೂರ್ತಿ ತೆಗೆಯಬೇಕು. ದುಂಡು ಮಲ್ಲಿಗೆಯಾದರೆ ನವೆಂಬರ್ ಕೊನೆಗೇ ಸವರಬಹುದು. ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ. ಹಳೇ ಕೊಂಬೆ ಉಳಿಸಿಕೊಂಡರೆ ಎಲೆಯೇ ಗತಿ.

ಸವರಿದ ಕಡ್ಡಿಗಳಲ್ಲಿ ಅರೆ ಬಲಿತವನ್ನು ಆರಿಸಿ ನೆರಳಲ್ಲಿ ನೆಟ್ಟರೆ ಮೂರು-ನಾಲ್ಕು ತಿಂಗಳಿಗೆ ಬೇರು ಬಿಡುತ್ತವೆ. ಮುಂಗಾರು ಬೀಳುವ ಹೊತ್ತಿಗೆ ಸಸಿ ತಯಾರು. ಗುಂಡಿ ತೆಗೆದು, ಬಿಸಿಲಿಗೆ ಬಿಟ್ಟು, ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಬೇಕು. ದೊಡ್ಡ ಗಿಡವನ್ನೇ ಬೇರೆ ಕಡೆ ಹಚ್ಚುವುದಿದ್ದರೆ ಮೊದಲು ಮೇಲಿನ ಕೊಂಬೆ ಸವರಿ, ಆಮೇಲೆ ಬೇರಿನ ಮಣ್ಣು ಉದುರದಂತೆ ಕೀಳಬೇಕು. ಅರ್ಧ ಬೇರು ಕಳೆದುಕೊಂಡ ಗಿಡ ಎಲ್ಲಾ ಎಲೆಗೂ ನೀರು ಕೊಡಲಾರದು.

ಹಡಗಲಿ ಮಲ್ಲಿಗೆಗೆ ಮೈಸೂರು, ಉಡುಪಿ ಮಲ್ಲಿಗೆಗಳಂತೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಮಾನ್ಯತೆ ಇದೆ. ಬೇರೆ ಊರಿನ ಹೂವನ್ನು ಈ ಹೆಸರಲ್ಲಿ ಮಾರದಂತೆ ಕಾನೂನು ಕಾಯುತ್ತದೆ. ಆದರೆ ಯಾವ ಕಾನೂನೂ ಜನವರಿಯಲ್ಲಿ ಬಂದು ಗಿಡ ಸವರುವುದಿಲ್ಲ. ನಸುಕಿನಲ್ಲಿ ಮೊಗ್ಗು ಬಿಡಿಸುವ, ವರ್ಷಕ್ಕೊಮ್ಮೆ ಕುಡುಗೋಲು ಹಿಡಿಯುವ ಮನೆಗಳು ಆ ಕೆಲಸ ಬಿಟ್ಟರೆ ಉಳಿಯುವುದು ಹೆಸರು ಮಾತ್ರ.

ನಮ್ಮ ಗಿಡವನ್ನು ಮೂರನೇ ವರ್ಷ ಅಜ್ಜಿ ಕೇಳದೇ ಸವರಿಬಿಟ್ಟರು. ಬೇಸಿಗೆಗೆ ಹೂವು ಬಂತು. ಕಡ್ಡಿಗಳು ಪಕ್ಕದ ಎರಡು ಮನೆ ಸೇರಿದವು. ಈ ಜನವರಿಯಲ್ಲಿ ನಿಮ್ಮ ಗಿಡ ಸವರಿದರೆ, ಕಡ್ಡಿಗಳನ್ನು ತಿಪ್ಪೆಗೆ ಹಾಕುವ ಮೊದಲು ಓಣಿಯಲ್ಲಿ ಯಾರಿಗೆ ಬೇಕು ಎಂದು ಕೇಳಿ.