ನದೀತೀರದ ಹದಿಮೂರು ಕೋಠಿಗಳು: ಕ್ಯಾಂಟನ್ನಿನಲ್ಲಿ ಪರದೇಶಿಗಳ ವಾಸ

ಸಿಂಗಪುರದ ಮರೀನಾ ಬೇ, ಲಂಡನ್ನಿನ ಕ್ಯಾನರಿ ವಾರ್ಫ್, ದುಬೈ ಮರೀನಾ ಮೊದಲಾದ ಜಲತೀರದ ವಾಣಿಜ್ಯವಲಯಗಳಲ್ಲಿ ಇಂದು ನಾನಾ ದೇಶಗಳ ಜನ ಉದ್ಯೋಗನಿಮಿತ್ತ ನೆಲೆಸಿದ್ದಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆ. ಅಲ್ಲಿ ಮನೆಯಿಂದ ಕಚೇರಿಗೆ ನಡೆದೇ ಹೋಗಬಹುದು. ಅಂಗಡಿ, ಬ್ಯಾಂಕು, ಭೋಜನಶಾಲೆ, ಸಂಜೆಯ ವಿಹಾರದ ಹಾದಿ ಎಲ್ಲವೂ ಕಾಲ್ನಡಿಗೆಯ ಅಳತೆಯೊಳಗಿರುತ್ತವೆ. ಇಂಥ ಬದುಕನ್ನು ಆಧುನಿಕ ನಗರಯೋಜನೆಯ ಕೊಡುಗೆಯೆಂದು ಭಾವಿಸುವುದು ವಾಡಿಕೆ. ಆದರೆ ಇನ್ನೂರು ವರ್ಷಗಳ ಹಿಂದೆಯೇ ಚೀನಾ ದೇಶದ ಕ್ಯಾಂಟನ್ ನಗರದಲ್ಲಿ, ಅಂದರೆ ಇಂದಿನ ಗುವಾಂಗ್‌ಝೌನಲ್ಲಿ, ಪರದೇಶದ ವರ್ತಕರೂ ಗುಮಾಸ್ತರೂ ಇದೇ ಬಗೆಯ ನೆಲೆಯಲ್ಲಿ ಬಾಳಿದರು. ಆ ನೆಲೆಯ ಇತಿಹಾಸ ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ: ಎಲ್ಲವೂ ಹತ್ತಿರವಿರುವಲ್ಲಿ ವಾಸಿಸುವವನು ಆ ನಗರಕ್ಕೆ ಎಷ್ಟು ಹತ್ತಿರದವನು?

1757ರಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿಯು ಪಾಶ್ಚಾತ್ಯರ ಸಮುದ್ರವ್ಯಾಪಾರವನ್ನು ಕ್ಯಾಂಟನ್ ಒಂದಕ್ಕೇ ಸೀಮಿತಗೊಳಿಸಿದನು. 1842ರ ನಾನ್‌ಜಿಂಗ್ ಒಪ್ಪಂದದವರೆಗೆ, ಎಂದರೆ ಎಂಬತ್ತೈದು ವರ್ಷಗಳ ಕಾಲ, ಈ ವ್ಯವಸ್ಥೆ ನಡೆಯಿತು. ಚೀನಾದ ಚಹ, ರೇಷ್ಮೆ, ಪಿಂಗಾಣಿಗಳನ್ನು ಕೊಳ್ಳಲು ಬ್ರಿಟಿಷರು, ಡಚ್ಚರು, ಫ್ರೆಂಚರು, ಡೇನರು, ಸ್ವೀಡರು, 1784ರಿಂದೀಚೆಗೆ ಅಮೆರಿಕನ್ನರು ಇಲ್ಲಿಗೆ ಬಂದರು. ಭಾರತದಿಂದ ಹತ್ತಿ ಬಂತು. ಬಳಿಕ ಅಫೀಮು ಬಂತು. ಮೈಸೂರು ಸೀಮೆಯ ಶ್ರೀಗಂಧವೂ ಪಶ್ಚಿಮ ಕರಾವಳಿಯ ಬಂದರುಗಳನ್ನು ದಾಟಿ ಈ ಪೇಟೆಯನ್ನು ಸೇರಿತು. ನಮ್ಮ ಕಾಡಿನ ಗಂಧದ ಕೊರಡು ಕ್ಯಾಂಟನ್ನಿನ ಉಗ್ರಾಣದಲ್ಲಿ ತೂಗಿಸಿಕೊಳ್ಳುತ್ತಿತ್ತೆಂಬುದು ಕರ್ನಾಟಕದ ಆರ್ಥಿಕ ಇತಿಹಾಸವನ್ನು ಓದುವವರು ಮರೆಯಬಾರದ ಸಂಗತಿ.

ಪರದೇಶಿಗಳ ವಸತಿ ಕೋಟೆಗೋಡೆಯ ಹೊರಗೆ, ನಗರದ ನೈರುತ್ಯಕ್ಕೆ, ಪರ್ಲ್ ನದಿಯ ಉತ್ತರ ದಡದಲ್ಲಿತ್ತು. ಅದನ್ನು ‘ಹದಿಮೂರು ಕೋಠಿಗಳು’ ಎಂದು ಕರೆಯುತ್ತಿದ್ದರು. ಕೋಠಿಯೆಂದರೆ ಇಲ್ಲಿ ಸರಕು ತಯಾರಿಸುವ ಕಾರ್ಖಾನೆಯಲ್ಲ. ವ್ಯಾಪಾರಿ ಕಂಪನಿಯ ಮುನೀಮನು ವಾಸಿಸಿ ವ್ಯವಹರಿಸುವ ಮನೆ. ಪೂರ್ವದಿಂದ ಪಶ್ಚಿಮಕ್ಕೆ ಇಡೀ ವಲಯದ ಉದ್ದ ಸುಮಾರು 300 ಮೀಟರು ಮಾತ್ರ. ಮುಂದೆ ನದಿಯವರೆಗೆ ಒಂದು ಬಯಲು, ಹಿಂದೆ ಹದಿಮೂರು ಕೋಠಿಗಳ ಬೀದಿ, ನಡುನಡುವೆ ಹಳೆಯ ಚೀನಾ ಬೀದಿ, ಹೊಸ ಚೀನಾ ಬೀದಿ ಮತ್ತು ‘ಹಾಗ್ ಲೇನ್’ ಎಂಬ ಇಕ್ಕಟ್ಟಾದ ಓಣಿ. ಈ ಕೊನೆಯ ಓಣಿ ನಾವಿಕರಿಗೆ ಮದ್ಯ ಮಾರುವ ಅಂಗಡಿಗಳಿಗೆ ಕುಖ್ಯಾತವಾಗಿತ್ತು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಐದು ನಿಮಿಷ ಸಾಕು. ಡೇನರ ಕೋಠಿಯನ್ನು ಚೀನೀಯರು ‘ಹಳದಿ ಬಾವುಟದ ಕೋಠಿ’ ಎನ್ನುತ್ತಿದ್ದರು. ‘ಚೌ-ಚೌ’ ಎಂಬ ಕೋಠಿಯಲ್ಲಿ ಪಾರಸಿಗಳೂ ಭಾರತದ ಮುಸ್ಲಿಂ ವರ್ತಕರೂ ತಂಗುತ್ತಿದ್ದರು. ಆ ಹೆಸರಿಗೆ ‘ಬೆರಕೆ’ ಎಂದರ್ಥ. ಮುಂದೆ ಮುಂಬಯಿಯ ಮಹಾದಾನಿಯೆನಿಸಿದ ಜಮ್ಶೇಟ್‌ಜೀ ಜೀಜೀಭಾಯ್ ತಾರುಣ್ಯದಲ್ಲಿ ಹಲವು ಬಾರಿ ಚೀನಾ ಯಾತ್ರೆ ಕೈಗೊಂಡು ಸಂಪತ್ತು ಗಳಿಸಿದ್ದು ಇದೇ ವ್ಯಾಪಾರದಲ್ಲಿ.

ಈ ಬದುಕಿನ ಸಮೀಪಚಿತ್ರವೊಂದು ವಿಲಿಯಂ ಹಂಟರ್ ಎಂಬ ಅಮೆರಿಕನ್ನನ ನೆನಪಿನ ಪುಸ್ತಕದಲ್ಲಿ ದೊರೆಯುತ್ತದೆ. 1825ರಲ್ಲಿ ಎಳೆಯ ಹುಡುಗನಾಗಿ ಕ್ಯಾಂಟನ್ನಿಗೆ ಬಂದ ಹಂಟರ್, ಮುಂದೆ ದೊಡ್ಡ ವ್ಯಾಪಾರಸಂಸ್ಥೆಯೊಂದರ ಪಾಲುದಾರನಾದ. ವೃದ್ಧಾಪ್ಯದಲ್ಲಿ, 1882ರಲ್ಲಿ, ‘ದಿ ಫ್ಯಾನ್ ಕ್ವೇ ಅಟ್ ಕ್ಯಾಂಟನ್’ ಎಂಬ ಕೃತಿಯನ್ನು ಪ್ರಕಟಿಸಿದ. ‘ಫ್ಯಾನ್ ಕ್ವೇ’ ಎಂದರೆ ಪರದೇಶಿ ಪಿಶಾಚಿ. ಊರಜನ ಇಟ್ಟ ಬೈಗುಳವನ್ನೇ ಆತ ವಿನೋದದಿಂದ ತಲೆಬರಹವಾಗಿಸಿಕೊಂಡಿದ್ದಾನೆ. ಕೋಠಿಯ ನೆಲಅಂತಸ್ತಿನಲ್ಲಿ ಉಗ್ರಾಣ, ಖಜಾನೆ ಮತ್ತು ‘ಕಾಂಪ್ರಡೋರ್’ ಎಂಬ ಚೀನೀ ಮೇಲ್ವಿಚಾರಕನ ಕೋಣೆ. ಮೊದಲ ಮಹಡಿಯಲ್ಲಿ ಭೋಜನಶಾಲೆ ಮತ್ತು ಬೈಠಕಖಾನೆ. ಅದರ ಮೇಲೆ ಮಲಗುವ ಕೋಣೆಗಳು. ಗುಮಾಸ್ತನು ಮೆಟ್ಟಿಲಿಳಿದರೆ ಕಚೇರಿ, ಹೊಸ್ತಿಲು ದಾಟಿದರೆ ಬಂದರುಕಟ್ಟೆ. ಬೆಲೆಬಾಳುವ ಚಹದ ವ್ಯವಹಾರವೂ ಬಾಯಿಮಾತಿನ ನಂಬಿಕೆಯ ಮೇಲೆ ನಡೆಯುತ್ತಿತ್ತೆಂದು ಹಂಟರ್ ಮೆಚ್ಚುಗೆಯಿಂದ ಸ್ಮರಿಸುತ್ತಾನೆ. ವರ್ತಕಶ್ರೇಷ್ಠನಾದ ಹೌಕ್ವಾನ (ವು ಬಿಂಗ್‌ಜಿಯಾನ್, 1769–1843) ಔದಾರ್ಯದ ಪ್ರಸಂಗಗಳೂ ಅಲ್ಲಿವೆ.

ಆದರೆ ಈ ಸೌಕರ್ಯದ ಇನ್ನೊಂದು ಮುಖವನ್ನು ಕಾಣಬೇಕು. ಅಲ್ಲಿ ಎಲ್ಲವೂ ಹತ್ತಿರವಿದ್ದುದು ದೂರ ಹೋಗಲು ಅನುಮತಿಯಿಲ್ಲದ ಕಾರಣದಿಂದ. ಪರದೇಶಿಯು ಕೋಟೆಯೊಳಗಿನ ನಗರವನ್ನು ಪ್ರವೇಶಿಸುವಂತಿರಲಿಲ್ಲ, ಪಲ್ಲಕ್ಕಿ ಏರುವಂತಿರಲಿಲ್ಲ, ಆಯುಧ ತರುವಂತಿರಲಿಲ್ಲ, ವಿಹಾರಕ್ಕೆಂದು ನದಿಯಲ್ಲಿ ದೋಣಿ ನಡೆಸುವಂತಿರಲಿಲ್ಲ. ತಿಂಗಳಿನ 8, 18 ಮತ್ತು 28ನೆಯ ದಿನಗಳಂದು ಸಣ್ಣ ಗುಂಪಾಗಿ, ದುಭಾಷಿಯೊಬ್ಬನ ಜೊತೆಯಲ್ಲಿ, ನದಿಯಾಚೆಯ ಹೂದೋಟಗಳಿಗೆ ಹೋಗಿಬರಬಹುದಿತ್ತು. ಸರ್ಕಾರದ ಅಧಿಕಾರಿಗಳಿಗೆ ನೇರವಾಗಿ ಅರ್ಜಿ ಕೊಡುವಂತಿರಲಿಲ್ಲ. ‘ಹಾಂಗ್’ ವರ್ತಕರ ಮೂಲಕವೇ ಎಲ್ಲವೂ ಸಾಗಬೇಕು. ವ್ಯಾಪಾರದ ಋತು ಮುಗಿದೊಡನೆ ಮಕಾವ್‌ಗೆ ತೆರಳಬೇಕು. ಹೆಂಗಸರಿಗಂತೂ ಪ್ರವೇಶವೇ ನಿಷಿದ್ಧ. 1830ರಲ್ಲಿ ಹ್ಯಾರಿಯೆಟ್ ಲೋ ಎಂಬ ಅಮೆರಿಕನ್ ಯುವತಿ ತನ್ನ ಚಿಕ್ಕಮ್ಮನೊಡನೆ ಬಂದು ಕೋಠಿಯಲ್ಲಿ ತಂಗಿದಾಗ, ವ್ಯಾಪಾರವನ್ನೇ ನಿಲ್ಲಿಸುವುದಾಗಿ ಅಧಿಕಾರಿಗಳು ಎಚ್ಚರಿಸಿದರು. ಕೆಲವೇ ವಾರಗಳಲ್ಲಿ ಅವರಿಬ್ಬರೂ ಮಕಾವ್‌ಗೆ ಮರಳಬೇಕಾಯಿತು. ಕೆಲವು ನಿಯಮಗಳು ಆಗಾಗ ಸಡಿಲಗೊಳ್ಳುತ್ತಿದ್ದುದು ನಿಜ. ಆದರೂ ಅವು ಯಾವಾಗ ಬಿಗಿಯಾಗುವುವೆಂಬುದು ಪರದೇಶಿಯ ಕೈಯಲ್ಲಿರಲಿಲ್ಲ.

ಈ ನಿರ್ಬಂಧಗಳಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದದ್ದು ಭಾಷೆಗೆ ಸಂಬಂಧಿಸಿದುದು. ಪರದೇಶಿಗಳಿಗೆ ಚೀನೀ ಭಾಷೆಯನ್ನು ಕಲಿಸುವುದು ಅಪರಾಧವೆನಿಸಿತ್ತು. ಹಾಗಾಗಿ ಪೇಟೆಯ ವ್ಯವಹಾರಕ್ಕೆ ‘ಪಿಜಿನ್’ ಎಂಬ ಬೆರಕೆ ಇಂಗ್ಲಿಷು ಬಳಕೆಗೆ ಬಂತು. ‘ಬಿಸಿನೆಸ್’ ಎಂಬ ಪದದ ಕ್ಯಾಂಟನ್ ಉಚ್ಚಾರಣೆಯೇ ಪಿಜಿನ್ ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಸ್ವೀಕೃತವಾದ ಅಭಿಪ್ರಾಯ. ಇಂಗ್ಲಿಷ್ ಪದಗಳ ಉಚ್ಚಾರಣೆಯನ್ನು ಚೀನೀ ಅಕ್ಷರಗಳಲ್ಲಿ ಬರೆದ ಕಿರುಹೊತ್ತಗೆಗಳು ಕೋಠಿಗಳ ಬಳಿಯ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಆ ಪೇಟೆಯ ಮಾತಿನಲ್ಲಿ ನಮಗೆ ಪರಿಚಿತವಾದ ಶಬ್ದಗಳೂ ಇದ್ದವು. ಬೆಳ್ಳಿಯ ನಾಣ್ಯವನ್ನು ಪರೀಕ್ಷಿಸುವವನು ‘ಶ್ರಾಫ್’, ಅವನು ನಮ್ಮ ಸರಾಫನೇ. ಮುದ್ರೆಯೊತ್ತಿದ ಪರವಾನಗಿ ‘ಚಾಪ್’, ಅದು ನಮ್ಮ ಛಾಪು. ಕಿರುಪತ್ರ ‘ಚಿಟ್’, ಅದು ನಮ್ಮ ಚೀಟಿ. ಭಾರತದ ಬಂದರುಗಳಲ್ಲಿ ಬಳಕೆಯಾಗಿದ್ದ ಪದಗಳು ಹಡಗಿನೊಡನೆ ಸಾಗಿ ಮೂರನೆಯ ದೇಶವೊಂದರಲ್ಲಿ ಇಬ್ಬರು ಪರಕೀಯರ ನಡುವೆ ಸೇತುವೆಯಾದುದು ಭಾಷಾಚರಿತ್ರೆಯ ಸ್ವಾರಸ್ಯಕರ ಅಧ್ಯಾಯ. ಆದರೆ ಈ ಸೇತುವೆಯ ಮೇಲೆ ಸರಕು ದಾಟಬಹುದಿತ್ತೇ ಹೊರತು ಮನಸ್ಸು ದಾಟುವಂತಿರಲಿಲ್ಲ. ಚಹದ ಬೆಲೆಯನ್ನು ಹೇಳಬಲ್ಲ ಭಾಷೆಯಲ್ಲಿ ದುಃಖವನ್ನೋ ಕಾವ್ಯವನ್ನೋ ಹೇಳುವುದು ಸುಲಭವಲ್ಲ.

ಈ ಗೆರೆಯನ್ನು ದಾಟಲೆತ್ನಿಸಿದವರೂ ಇದ್ದರು. ಈಸ್ಟ್ ಇಂಡಿಯಾ ಕಂಪನಿಯ ಜೇಮ್ಸ್ ಫ್ಲಿಂಟ್ ಚೀನೀ ಭಾಷೆ ಕಲಿತಿದ್ದ. ಕ್ಯಾಂಟನ್ ಅಧಿಕಾರಿಗಳ ಸುಲಿಗೆಯ ವಿರುದ್ಧ ಚಕ್ರವರ್ತಿಗೇ ಅರ್ಜಿ ಸಲ್ಲಿಸಲೆಂದು 1759ರಲ್ಲಿ ಆತ ಉತ್ತರದ ತಿಯಾನ್‌ಜಿನ್‌ವರೆಗೆ ಹಡಗಿನಲ್ಲಿ ಹೋದ. ದೂರು ನಿಜವೆಂದು ಕಂಡುಬಂದು ಸುಂಕದ ಅಧಿಕಾರಿ ಪದವಿ ಕಳೆದುಕೊಂಡ. ಆದರೆ ಮರ್ಯಾದೆ ಮೀರಿದ ಅಪರಾಧಕ್ಕಾಗಿ ಫ್ಲಿಂಟನನ್ನು ಮಕಾವ್‌ನಲ್ಲಿ ಮೂರು ವರ್ಷ ಬಂಧನದಲ್ಲಿಟ್ಟು ಗಡೀಪಾರು ಮಾಡಲಾಯಿತು. ಆ ಅರ್ಜಿಯನ್ನು ಚೀನೀ ಭಾಷೆಯಲ್ಲಿ ಬರೆಯಲು ನೆರವಾದ ಲಿಯು ಯಾಬಿಯಾನ್ ಎಂಬವನಿಗೆ ಮರಣದಂಡನೆಯಾಯಿತು. ಪರದೇಶಿ ತೆತ್ತದ್ದು ಮೂರು ವರ್ಷಗಳನ್ನು; ಅವನಿಗೆ ಅಕ್ಷರ ಕೊಟ್ಟ ಊರಿನವನು ತೆತ್ತದ್ದು ಪ್ರಾಣವನ್ನು. ಹದಿಮೂರು ಕೋಠಿಗಳ ಕಥನಗಳಲ್ಲಿ ಹೌಕ್ವಾನಿಗೆ ದೊರೆತ ಪುಟಗಳು ಈ ಲಿಯುವಿಗೆ ದೊರೆತಿಲ್ಲ.

ಅರ್ಧ ಶತಮಾನದ ನಂತರ, 1807ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ರಾಬರ್ಟ್ ಮಾರಿಸನ್ ಅಮೆರಿಕನ್ ಹಡಗೊಂದರಲ್ಲಿ ಕ್ಯಾಂಟನ್ನಿಗೆ ಬಂದಿಳಿದ. ಕೋಠಿಯ ಬಾಗಿಲು ಮುಚ್ಚಿಕೊಂಡು, ಅಪಾಯಕ್ಕಂಜದ ಬೋಧಕರಿಂದ ಭಾಷೆ ಕಲಿತು, 1809ರಲ್ಲಿ ಕಂಪನಿಯ ಭಾಷಾಂತರಕಾರನಾದ. ಆತ ಸಿದ್ಧಪಡಿಸಿದ ಬೃಹತ್ ಚೀನೀ–ಇಂಗ್ಲಿಷ್ ನಿಘಂಟು 1815ರಿಂದ 1823ರವರೆಗೆ ಮಕಾವ್‌ನಲ್ಲಿ ಸಂಪುಟಗಳಾಗಿ ಹೊರಬಂತು. ಇದೇ ಸೊಸೈಟಿಗೆ ಸೇರಿದ ವಿಲಿಯಂ ರೀವ್ ಬಳ್ಳಾರಿಯಲ್ಲಿದ್ದು ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು ಎಂಬುದನ್ನು ಇಲ್ಲಿ ಸ್ಮರಿಸಬಹುದು. ಕಂಪನಿಯ ಆಳ್ವಿಕೆಯಲ್ಲಿದ್ದ ಬಳ್ಳಾರಿಯಲ್ಲಿ ಕನ್ನಡ ಕಲಿಸಿದ ಪಂಡಿತನಿಗೆ ಪ್ರಾಣಭಯವಿರಲಿಲ್ಲ. ಕ್ಯಾಂಟನ್ನಿನ ಬೋಧಕನಿಗೆ ಇತ್ತು. ಎರಡು ನಿಘಂಟುಗಳ ಮುಖಪುಟಗಳಲ್ಲೂ ಸಂಪಾದಕನ ಹೆಸರಷ್ಟೇ ಎದ್ದು ಕಾಣುತ್ತದೆ.

1839ರ ಮಾರ್ಚಿಯಲ್ಲಿ ಕೋಠಿಗಳ ಈ ಬದುಕಿನ ಸ್ವರೂಪ ಒಂದೇ ದಿನದಲ್ಲಿ ಬಯಲಾಯಿತು. ಅಫೀಮಿನ ವ್ಯಾಪಾರವನ್ನು ಅಡಗಿಸಲು ಬಂದ ಲಿನ್ ಜೆಷು ಎಂಬ ನಿಷ್ಠುರ ಅಧಿಕಾರಿ, ದಾಸ್ತಾನನ್ನೆಲ್ಲ ಒಪ್ಪಿಸಬೇಕೆಂದು ಆಜ್ಞಾಪಿಸಿ, 24ರಂದು ಕೋಠಿಗಳಿಂದ ಚೀನೀ ಅಡುಗೆಯವರನ್ನೂ ಆಳುಗಳನ್ನೂ ಹೊರಗೆ ಕರೆಸಿಕೊಂಡ. ಬೀದಿಗಳ ಬಾಯಿ ಮುಚ್ಚಿತು. ನದಿಯಲ್ಲಿ ದೋಣಿಗಳ ಸಾಲು ಕಾವಲು ನಿಂತಿತು. ಸುಮಾರು ಆರು ವಾರ ಪರದೇಶಿಗಳು ಅಲ್ಲಿಯೇ ಬಂದಿಗಳಾದರು. ಅನ್ನ ಬೇಯಿಸಲೂ ಬಾರದ ಶ್ರೀಮಂತ ವರ್ತಕರ ಪಾಡನ್ನು ಹಂಟರ್ ನಗುತ್ತಲೇ ವರ್ಣಿಸಿದ್ದಾನೆ. ಕೊನೆಗೆ 20,283 ಪೆಟ್ಟಿಗೆ ಅಫೀಮು ಲಿನ್‌ನ ವಶವಾಗಿ ನಾಶಗೊಂಡಿತು. ಅದರಿಂದಲೇ ಯುದ್ಧವೂ ಹುಟ್ಟಿತು. ನಡೆದಾಡಲು ಅನುಕೂಲವಾಗಿದ್ದ 300 ಮೀಟರಿನ ನೆಲ ಸೆರೆಮನೆಯಾಗಲು ಹೊಸ ಗೋಡೆಯೇನೂ ಬೇಕಾಗಲಿಲ್ಲ. ಆದರೆ ಇದರಿಂದ ಪರದೇಶಿಗಳನ್ನು ಕೇವಲ ಪೀಡಿತರೆಂದು ಭಾವಿಸಲಾಗದು. ಮಹಡಿಯ ಮೇಲಿನ ಭೋಜನದ ಸಡಗರಕ್ಕೆ ಬಹುಮಟ್ಟಿಗೆ ಹಣ ಒದಗಿಸಿದ್ದು, ಆ ದೇಶದ ಕಾನೂನು ನಿಷೇಧಿಸಿದ್ದ ಮಾದಕ ವಸ್ತುವೇ.

1856ರ ಡಿಸೆಂಬರಿನಲ್ಲಿ, ಎರಡನೆಯ ಅಫೀಮು ಯುದ್ಧದ ಕಾಲದಲ್ಲಿ, ಕೋಠಿಗಳು ಸುಟ್ಟುಹೋದವು, ಮತ್ತೆ ಕಟ್ಟಲಾಗಲಿಲ್ಲ. ಪರದೇಶಿಗಳ ವಸತಿ ಸಮೀಪದ ಶಾಮಿಯಾನ್ ದ್ವೀಪಕ್ಕೆ ಸರಿಯಿತು. ಇಂದು ಆ ಜಾಗದಲ್ಲಿ ಗುವಾಂಗ್‌ಝೌನ ಸಾಂಸ್ಕೃತಿಕ ಉದ್ಯಾನವಿದೆ. ಪಕ್ಕದ ಬೀದಿ ಮಾತ್ರ ‘ಹದಿಮೂರು ಕೋಠಿಗಳು’ ಎಂಬ ಹೆಸರನ್ನು ಉಳಿಸಿಕೊಂಡು ಸಿದ್ಧ ಉಡುಪುಗಳ ಸಗಟು ಪೇಟೆಯಾಗಿದೆ.

ಜಲತೀರದ ಪರದೇಶಿ ವಾಸವೆಲ್ಲ ಹೀಗೆಯೇ ಇರಬೇಕೆಂದಿಲ್ಲ. ನಮ್ಮ ಮಂಗಳೂರೇ ಇದಕ್ಕೆ ನಿದರ್ಶನ. ಕೈರೋದ ಗೆನೀಝಾ ಪತ್ರಗಳಿಂದ ತಿಳಿದುಬರುವ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ, ಮೂಲತಃ ಟುನೀಸಿಯದವನು, 1132ರ ವೇಳೆಗೆ ಮಂಗಳೂರಿಗೆ ಬಂದು 1149ರವರೆಗೆ ಬಹುಕಾಲ ಈ ಕರಾವಳಿಯಲ್ಲೇ ಕಳೆದ. ಕಂಚಿನ ಪಾತ್ರೆಗಳ ಕಮ್ಮಟ ನಡೆಸಿದ; ಅಡಕೆ, ಮೆಣಸುಗಳನ್ನು ಏಡನ್ನಿಗೆ ಕಳುಹಿಸಿದ; ಅಶು ಎಂಬ ಇಲ್ಲಿಯ ದಾಸಿಗೆ ಬಿಡುಗಡೆ ನೀಡಿ ಅವಳೊಡನೆ ಸಂಸಾರ ಹೂಡಿದ. ದಾಸ್ಯವಿದ್ದ ಆ ಕಾಲವನ್ನು ಆದರ್ಶವೆಂದು ಹೊಗಳಬೇಕಾಗಿಲ್ಲ. ಆದರೆ ಅವನನ್ನು ಊರಿನಿಂದ ಬೇರ್ಪಡಿಸುವ ಗೆರೆ ಇರಲಿಲ್ಲ. ಅವನ ಮಕ್ಕಳ ತಾಯಿ ಈ ನೆಲದವಳು.

ಕನ್ನಡದಲ್ಲಿ ‘ಪರದೇಶಿ’ ಎಂಬ ಪದ ಪರದೇಶದಿಂದ ಬಂದವನೆಂಬ ಅರ್ಥದಿಂದ ಆರಂಭವಾಗಿ, ಆಡುಮಾತಿನಲ್ಲಿ ‘ಪರದೇಸಿ’ಯಾಗಿ, ದಿಕ್ಕಿಲ್ಲದವನೆಂಬ ಅರ್ಥವನ್ನು ಪಡೆಯಿತು. ಹಣವಂತರಿಂದ ತುಂಬಿದ್ದ ಕ್ಯಾಂಟನ್ನಿನ ಕೋಠಿಗಳಿಗೆ ಈ ಎರಡನೆಯ ಅರ್ಥ ಹೊಂದದೆಂದು ಮೊದಲು ತೋರಬಹುದು. ಆದರೆ ಅಡುಗೆಯವನು ಹೊರಟುಹೋದ ದಿನ ಅವರಿಗೆ ಆ ಊರಿನಲ್ಲಿ ಕರೆಯಲು ಇನ್ನೊಂದು ಹೆಸರಿರಲಿಲ್ಲ. ಕಚೇರಿಗೆ ಎಷ್ಟು ಹೆಜ್ಜೆ ಎಂಬುದು ವಸತಿಯ ಅಳತೆ. ನೆರೆಯವನ ಭಾಷೆಗೆ ಎಷ್ಟು ಹೆಜ್ಜೆ ಎಂಬುದು ವಾಸದ ಅಳತೆ. ಮೊದಲನೆಯದನ್ನು ವ್ಯಾಪಾರಿ ಕಂಪನಿ ಕಟ್ಟಿಸಿಕೊಡಬಲ್ಲದು. ಎರಡನೆಯದನ್ನು ಕಲಿಸಿದ ತಪ್ಪಿಗೆ ಲಿಯು ಯಾಬಿಯಾನ್ ಪ್ರಾಣ ತೆತ್ತ. ಇಂದು ಯಾವ ನಿಷೇಧವೂ ಇಲ್ಲದ ಊರುಗಳಲ್ಲಿ ನೆಲೆಸಿದವರು ಅವನನ್ನೊಮ್ಮೆ ನೆನೆಯಬೇಕು.